ಇಪ್ಪತ್ತೇಳು ಹೆಸರಿನ ಹಲಗೆ: ಒಂದು ಇಂಗ್ಲಿಷ್ ಹಳ್ಳಿ ಪಬ್ಬಿನ ಪ್ರಕರಣ

ಪೂರ್ವ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಪಬ್ಬು ಇದು. ಅದನ್ನು ನಡೆಸಿದವರ ಹೆಸರಿನ ಪಟ್ಟಿ ಬಾರಿನ ಗೋಡೆಯ ಹಲಗೆಯೊಂದರ ಮೇಲಿತ್ತು. ಆ ಪಟ್ಟಿ ಹೇಗೆ ತಪ್ಪಿತ್ತು, ಊರವರು ಅದನ್ನು ಹೇಗೆ ತಿದ್ದಿದರು ಎಂಬುದೇ ಈ ಪ್ರಕರಣ. ಊರಿನ ಹೆಸರು, ಮನೆತನದ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗದಿರಲೆಂದು ಊರಿನ ಕೆಲವು ಇಸವಿ, ವಿವರಗಳನ್ನೂ ಬದಲಿಸಿದೆ. ಕಾನೂನುಗಳ ಮತ್ತು ಸರ್ಕಾರಿ ದಾಖಲೆಗಳ ಇಸವಿ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಹಳೆಯ ಪಬ್ಬಿನ ಚರಿತ್ರೆ ಬರೆಯಲು ಹೊರಟವರು ಎಲ್ಲಿ ಎಡವುತ್ತಾರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ.

ಮೊದಲು ಒಂದು ಪದದ ಗೊಂದಲ ಬಿಡಿಸಬೇಕು. ಇಂಗ್ಲೆಂಡಿನಲ್ಲಿ ಪಬ್ಬು ನಡೆಸುವವನನ್ನು ಲ್ಯಾಂಡ್‌ಲಾರ್ಡ್ ಅನ್ನುತ್ತಾರೆ. ನಮ್ಮಲ್ಲಿ ಆ ಪದ ಕೇಳಿದೊಡನೆ ಬಾಡಿಗೆ ವಸೂಲಿಗೆ ಬರುವ ಮನೆ ಮಾಲೀಕ ಕಣ್ಣಮುಂದೆ ಬರುತ್ತಾನೆ. ಪಬ್ಬಿನ ಲ್ಯಾಂಡ್‌ಲಾರ್ಡ್ ಹೆಚ್ಚಾಗಿ ತಾನೇ ಬಾಡಿಗೆದಾರ. ಕಟ್ಟಡ ಬಿಯರ್ ತಯಾರಿಸುವ ಬ್ರೂವರಿಯದ್ದೋ ಊರಿನ ಜಮೀನ್ದಾರನದ್ದೋ ಆಗಿರುತ್ತದೆ. ಬ್ರೂವರಿಯದ್ದಾದರೆ ಅದರ ಬಿಯರನ್ನೇ ಮಾರಬೇಕು ಎಂಬ ಕರಾರೂ ಇರುತ್ತದೆ. ಹಾಗಾಗಿ ಕಟ್ಟಡ ಯಾರದು, ಲೈಸೆನ್ಸ್ ಯಾರ ಹೆಸರಲ್ಲಿದೆ, ನಿಜವಾಗಿ ವ್ಯಾಪಾರ ನಡೆಸುವವರು ಯಾರು ಎಂಬ ಮೂರು ಪ್ರಶ್ನೆಗೆ ಮೂರು ಉತ್ತರ ಇರಬಹುದು. ಗೋಡೆಗೆ ತೂಗುಹಾಕಿದ ಬೋರ್ಡಿನೊಳಗೆ ನಾಲ್ಕನೆಯದೂ ಒಂದಿದೆ: ಪಬ್ಬಿನ ಹೆಸರು. ಈ ನಾಲ್ಕೂ ಒಟ್ಟಿಗೇ ಇದ್ದವು ಎಂದು ನಂಬಿದ್ದರಿಂದಲೇ ಈ ಊರಿನ ಪಟ್ಟಿ ಹಾಳಾಯಿತು.

ಹಿನ್ನೆಲೆ

ಊರಿನ ಜನಸಂಖ್ಯೆ ಸುಮಾರು 400, ಪಬ್ಬು ಒಂದೇ. ಮಾಲೀಕ ಕಂಪನಿ ಅದನ್ನು ಮಾರಲು ಹೊರಟಾಗ ಊರವರು 2011ರ ಲೋಕಲಿಸಂ ಕಾಯ್ದೆಯ ಅನುಕೂಲ ಪಡೆದರು. ಆ ಕಾಯ್ದೆಯ ಪ್ರಕಾರ, ಊರಿಗೆ ಬೇಕಾದ ಆಸ್ತಿ ಎಂದು ಸ್ಥಳೀಯ ಕೌನ್ಸಿಲ್ ಮೊದಲೇ ಪಟ್ಟಿಗೆ ಸೇರಿಸಿದ್ದ ಕಟ್ಟಡ ಮಾರಾಟಕ್ಕೆ ಬಂದರೆ, ಕೊಳ್ಳಲು ಇಚ್ಛೆಯಿದೆ ಎಂದು ಊರಿನ ಗುಂಪು ಬರೆದುಕೊಟ್ಟಾಗ ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ಅಷ್ಟರೊಳಗೆ ಷೇರು ಮಾರಿ ಹಣ ಕೂಡಿಸಿ ಒಂದು ಸಂಘದ ಹೆಸರಲ್ಲಿ ಪಬ್ಬನ್ನು ಕೊಂಡರು. ರಿಪೇರಿ ನಡೆಯುವಾಗ ಬಾರಿನ ಗೋಡೆಯ ಮೇಲಿದ್ದ ಹಲಗೆಯನ್ನೂ ಹೊಸದಾಗಿ ಬರೆಸೋಣ ಎಂದಾಯಿತು. ಕರಿ ಬಣ್ಣದ ಮೇಲೆ ಹಳದಿ ಅಕ್ಷರ, ಮೇಲ್ಗಡೆ 1689, ಕೆಳಗೆ ಲ್ಯಾಂಡ್‌ಲಾರ್ಡ್‌ಗಳ 27 ಹೆಸರು, ಪ್ರತಿ ಹೆಸರಿನ ಪಕ್ಕದಲ್ಲಿ ಇಂತಿಂಥ ಇಸವಿಯಿಂದ ಇಂತಿಂಥ ಇಸವಿ ತನಕ ಎಂದು. 1970ರ ದಶಕದಲ್ಲಿ ಯಾರೋ ಟೈಪ್ ಮಾಡಿಟ್ಟ ಒಂದು ಹಾಳೆ ಇದಕ್ಕೆ ಆಧಾರ. ಆ ಹಾಳೆಗೆ ಏನು ಆಧಾರ ಎಂಬುದು ಅದರಲ್ಲಿ ಇರಲಿಲ್ಲ.

ತಕರಾರು ಕೆನಡಾದಿಂದ ಬಂತು. ಅಲ್ಲಿಯ ಒಬ್ಬ ಮಹಿಳೆ, ತನ್ನ ಪೂರ್ವಿಕನ ಮಗುವಿನ ಜ್ಞಾನಸ್ನಾನದ ದಾಖಲೆಯ ಪ್ರತಿ ಕಳಿಸಿದ್ದರು. ಇಸವಿ 1839, ತಂದೆಯ ಕಸುಬು ಬಿಯರ್ ಮಾರುವವ. ಆತನನ್ನು ಇಲ್ಲಿ ‘ತ’ ಎನ್ನೋಣ. ಹಲಗೆಯಲ್ಲಿ ಆ ಹೆಸರು ಆ ಕಾಲದ ಹತ್ತಿರಕ್ಕೂ ಇಲ್ಲ. ಹಲಗೆಯ ಪ್ರಕಾರ 1794ರಿಂದ 1852ರ ತನಕ ಪಬ್ಬು ನಡೆಸಿದವನು ‘ಕ’ ಎಂಬ ಒಬ್ಬನೇ. ಐವತ್ತೆಂಟು ವರ್ಷ! ಇಷ್ಟು ದೀರ್ಘ ಅವಧಿ ಕಂಡ ಕೂಡಲೇ ಅನುಮಾನ ಬರಬೇಕಿತ್ತು. ನಲವತ್ತು ವರ್ಷ ಯಾರಿಗೂ ಆ ಅನುಮಾನ ಬಂದಿರಲಿಲ್ಲ.

ಮೊದಲ ಎರಡು ಪ್ರಯತ್ನ

ಸಂಘ ನಾಲ್ಕು ಜನರ ತಂಡ ಮಾಡಿತು. ಆ ತಂಡ ಮೊದಲು ಕೈಹಾಕಿದ್ದು ಎಲ್ಲರೂ ಹಾಕುವ ಕಡೆಗೇ, ಹಳೆಯ ವ್ಯಾಪಾರಿ ಡೈರೆಕ್ಟರಿಗಳಿಗೆ. ಪಿಗೋಟ್, ವೈಟ್, ಕೆಲ್ಲಿ ಮೊದಲಾದ ಪ್ರಕಾಶಕರು ಊರೂರಿನ ಅಂಗಡಿಕಾರರು, ಕಮ್ಮಾರರು, ಪಬ್ಬಿನವರ ಹೆಸರು ಸೇರಿಸಿ ಅಚ್ಚು ಹಾಕುತ್ತಿದ್ದರು. ಇವುಗಳಿಂದ ತೆಗೆದ ಹೆಸರುಗಳನ್ನು ಹಲಗೆಯ ಪಟ್ಟಿಯ ಸಂದುಗಳಲ್ಲಿ ತುರುಕಿದರು. ಪಟ್ಟಿ 34ಕ್ಕೆ ಏರಿತು, ಒಂದೇ ವರ್ಷಕ್ಕೆ ಇಬ್ಬಿಬ್ಬರು ಲ್ಯಾಂಡ್‌ಲಾರ್ಡ್‌ಗಳಾದರು.

ಡೈರೆಕ್ಟರಿಯ ಸ್ವಭಾವ ತಿಳಿಯದೆ ಬಳಸಿದರೆ ಹೀಗೇ ಆಗುವುದು. ಮಾಹಿತಿ ಕಲೆಹಾಕಿ ಅಚ್ಚಾಗುವಷ್ಟರಲ್ಲಿ ಹಳತಾಗಿರುತ್ತದೆ. ಹಿಂದಿನ ಆವೃತ್ತಿಯಿಂದ ಹಾಗೇ ಇಳಿಸಿಕೊಂಡ ಹೆಸರೂ ಇರುತ್ತದೆ, ಸತ್ತವನೂ ಮೂರು ವರ್ಷ ವ್ಯಾಪಾರ ಮಾಡುತ್ತಾನೆ. ಅದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಪೂರ್ಣ ಲೈಸೆನ್ಸಿನ, ಅಂದರೆ ಬಿಯರಿನ ಜೊತೆ ಜಿನ್‌ನಂಥ ಸ್ಪಿರಿಟ್ಟನ್ನೂ ಮಾರಬಹುದಾದ, ಪಬ್ಬನ್ನು ಹೆಸರು ಸಮೇತ ಹಾಕುವ ಡೈರೆಕ್ಟರಿ, ಬಿಯರ್ ಮಾತ್ರ ಮಾರುವವನನ್ನು ‘ಬಿಯರ್ ರೀಟೇಲರ್’ ಎಂದಷ್ಟೇ ಹಾಕಿ ಕೈತೊಳೆದುಕೊಳ್ಳುತ್ತದೆ. ಆತ ಮನೆಯಲ್ಲೇ ಕೂರಿಸಿ ಕುಡಿಸುತ್ತಿದ್ದನೋ, ಕಿರಾಣಿ ಅಂಗಡಿಯಲ್ಲಿ ಪಾರ್ಸೆಲ್ ಕೊಡುತ್ತಿದ್ದನೋ ಎಂಬುದೂ ತಿಳಿಯುವುದಿಲ್ಲ. ಹಲಗೆಯ ಇಬ್ಬರು ಲ್ಯಾಂಡ್‌ಲಾರ್ಡ್‌ಗಳು ಕೊನೆಗೆ ಕಿರಾಣಿಯವರೇ ಎಂದು ತಿಳಿಯಿತು.

ಎರಡನೇ ಪ್ರಯತ್ನ ಲೈಸೆನ್ಸ್ ದಾಖಲೆಗಳದ್ದು. ಇಂಗ್ಲೆಂಡಿನಲ್ಲಿ 1552ರ ಕಾಯ್ದೆಯಿಂದಲೇ ಏಲ್ ಎಂಬ ಬಿಯರ್ ಮಾರಲು ಇಬ್ಬರು ನ್ಯಾಯಾಧಿಕಾರಿಗಳ ಅನುಮತಿ ಬೇಕಿತ್ತು, ಗಲಾಟೆ, ಜೂಜು ಆಗದಂತೆ ನೋಡಿಕೊಳ್ಳುತ್ತೇನೆಂದು ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆದುಕೊಡಬೇಕಿತ್ತು. 1753ರಿಂದ ಈ ಮುಚ್ಚಳಿಕೆಗಳ ರಿಜಿಸ್ಟರ್ ಕಡ್ಡಾಯವಾಯಿತು. ಅವು ಈಗ ಕೌಂಟಿ ದಾಖಲಾಲಯಗಳಲ್ಲಿ ಸಿಗುತ್ತವೆ. 1828ರ ಕಾಯ್ದೆ ಮುಚ್ಚಳಿಕೆ ಪದ್ಧತಿಯನ್ನೇ ತೆಗೆದುಹಾಕಿತು. ಲೈಸೆನ್ಸ್ ರಿಜಿಸ್ಟರ್ ಮತ್ತೆ ಕಡ್ಡಾಯವಾದದ್ದು 1872ರಲ್ಲಿ. ನಡುವಿನ 44 ವರ್ಷ ಬಹಳಷ್ಟು ಊರುಗಳಿಗೆ ಕತ್ತಲೆ. ಹಲಗೆ ಬರೆದವನು ಆ ಕತ್ತಲೆಯಲ್ಲಿ ‘ಕ’ನನ್ನು ನಿಲ್ಲಿಸಿ ಮುಂದೆ ಹೋಗಿದ್ದ.

ಈ ಊರಿನ ಅದೃಷ್ಟ, ರಿಜಿಸ್ಟರಿನ ಜೊತೆಗೆ ಕೆಲವು ಮೂಲ ಮುಚ್ಚಳಿಕೆಗಳೂ ಉಳಿದಿದ್ದವು. 1819ರ ತನಕ ‘ಕ’ನ ಹೆಸರಿನ ಪಕ್ಕ ಒಂದು ಅಡ್ಡಗೀಟಿನ ಗುರುತಿದೆ, ನಮ್ಮ ಹೆಬ್ಬೆಟ್ಟಿನ ಹಾಗೆ. 1822ರದರಲ್ಲಿ ಅದೇ ಹೆಸರು, ಆದರೆ ಬಾಲ ಎಳೆದು ಬರೆದ ಪೂರ್ತಿ ಸಹಿ. ಚರ್ಚಿನ ಶವಸಂಸ್ಕಾರದ ರಿಜಿಸ್ಟರ್ ತೆಗೆದರೆ ಆ ಹೆಸರಿನವರು ಇಬ್ಬರು, ಒಬ್ಬ ಸತ್ತದ್ದು 1821ರಲ್ಲಿ, ಇನ್ನೊಬ್ಬ 1852ರಲ್ಲಿ. ಅಪ್ಪ, ಮಗ. ಒಂದು ಗಂಟು ಬಿಚ್ಚಿತು, ‘ತ’ನ ಗಂಟು ಹಾಗೇ ಉಳಿಯಿತು. 1839ರಲ್ಲಿ ಕಿರಿಯ ‘ಕ’ ಪಬ್ಬಿನಲ್ಲಿದ್ದಾನೆ ಅಂದರೆ ‘ತ’ ಬಿಯರ್ ಮಾರಿದ್ದೆಲ್ಲಿ?

ನಕ್ಷೆಯ ಎರಡಕ್ಷರ

ಉತ್ತರ ಇದ್ದದ್ದು ಹೆಸರುಗಳಲ್ಲಲ್ಲ, ಜಾಗದಲ್ಲಿ. ಎಂಟು ತಿಂಗಳ ಕೆಲಸದಲ್ಲಿ ಮೊದಲ ಮೂರು ತಿಂಗಳನ್ನು ತಂಡ ಹೆಸರುಗಳ ಹಿಂದೆ ಓಡಿ ಕಳೆದಿತ್ತು. ನಾಲ್ಕನೇ ತಿಂಗಳು ಒಬ್ಬರು ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1880ರ ದಶಕದ ನಕ್ಷೆ ತೆಗೆದರು, ಮೈಲಿಗೆ 25 ಇಂಚಿನ ಅಳತೆಯದ್ದು. ಈಗಿನ ಪಬ್ಬು ಇರುವ ಕಟ್ಟಡದ ಪಕ್ಕ ಸಣ್ಣಕ್ಷರದಲ್ಲಿ ‘ಬಿ.ಎಚ್.’ ಎಂದಿದೆ. ಅರ್ಧ ಮೈಲಿ ಆಚೆ, ಚರ್ಚಿನ ಎದುರು ‘ಪಿ.ಎಚ್.’ ಎಂದಿದೆ. ಪಿ.ಎಚ್. ಎಂದರೆ ಪಬ್ಲಿಕ್ ಹೌಸ್, ಬಿ.ಎಚ್. ಎಂದರೆ ಬಿಯರ್ ಹೌಸ್. ಊರಲ್ಲಿ ಪಬ್ಬು ಒಂದಲ್ಲ, ಎರಡಿದ್ದವು!

ಬಿಯರ್ ಹೌಸ್ ಹುಟ್ಟಿದ್ದು 1830ರ ಕಾಯ್ದೆಯಿಂದ. ಜಿನ್ ಚಟ ಬಿಡಿಸಬೇಕು, ಬಿಯರ್ ಅಗ್ಗವಾಗಬೇಕು, ಬ್ರೂವರಿಗಳ ಏಕಸ್ವಾಮ್ಯ ಮುರಿಯಬೇಕು ಎಂದು ಸರ್ಕಾರ ಬಾಗಿಲು ತೆರೆದಿಟ್ಟಿತು. ತೆರಿಗೆ ಕಟ್ಟುವ ಯಾವ ಮನೆಯವನೂ ಎರಡು ಗಿನಿ, ಅಂದರೆ 42 ಶಿಲಿಂಗ್, ಅಬಕಾರಿ ಇಲಾಖೆಗೆ ಕಟ್ಟಿದರೆ ತನ್ನ ಮನೆಯಲ್ಲೇ ಬಿಯರ್ ಮಾರಬಹುದು, ನ್ಯಾಯಾಧಿಕಾರಿಯ ಮುಖ ನೋಡಬೇಕಿಲ್ಲ. ಆದರೆ ಸ್ಪಿರಿಟ್ ಮಾರುವಂತಿಲ್ಲ. ಬಡಗಿ, ಕಮ್ಮಾರ, ಚಮ್ಮಾರರು ಮನೆಯ ಮುಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿ ಶುರು ಮಾಡಿದರು. 1834ರಲ್ಲಿ ನಡತೆಯ ಬಗ್ಗೆ ತೆರಿಗೆದಾರರ ಸರ್ಟಿಫಿಕೇಟ್ ಬೇಕೆಂದು ಬಿಗಿ ಮಾಡಿದರು. 1869ರಲ್ಲಿ ಇವನ್ನು ಮತ್ತೆ ನ್ಯಾಯಾಧಿಕಾರಿಗಳ ಹತೋಟಿಗೆ ತಂದರು. ಅಬಕಾರಿಯ ಆ ಲೈಸೆನ್ಸ್ ಕಾಗದಗಳು ಉಳಿದದ್ದು ತೀರ ಅಪರೂಪ. ಬಾಗಿಲ ಮೇಲೆ ಬರೆಯಬೇಕಿದ್ದದ್ದು ಮಾರುವವನ ಹೆಸರು. ಮನೆಗೆ ಒಂದು ಹೆಸರಿರಲೇಬೇಕೆಂದಿರಲಿಲ್ಲ. ಹೆಸರಿಲ್ಲದ ಮನೆ, ಕಾಗದವಿಲ್ಲದ ಲೈಸೆನ್ಸ್. ಇಂಥದ್ದು ಪಟ್ಟಿಯಿಂದ ಜಾರಿಹೋದರೆ ಆಶ್ಚರ್ಯವಿಲ್ಲ.

ಇಲ್ಲಿಂದ ತಂಡ ಕೆಲಸದ ಕ್ರಮವನ್ನೇ ಬದಲಿಸಿತು. ಈ ಪ್ರಕರಣದಲ್ಲಿ ಬೇರೆಯವರು ನಕಲು ಮಾಡಬೇಕಾದ ಭಾಗ ಇದೇ. ‘ಇಂದ–ತನಕ’ ಎಂಬ ಕಾಲಂ ಕಿತ್ತುಹಾಕಿದರು. ಒಂದೊಂದು ಸಾಕ್ಷ್ಯಕ್ಕೆ ಒಂದೊಂದು ಕಾರ್ಡು: ದಾಖಲೆಯ ತಾರೀಖು, ಅದರಲ್ಲಿರುವ ಶಬ್ದ ಹಾಗೇ, ವ್ಯಕ್ತಿಯ ಹೆಸರು, ಎರಡರಲ್ಲಿ ಯಾವ ಮನೆ, ಆ ಮನೆಯೇ ಎನ್ನಲು ಏನು ಪುರಾವೆ. ಕೊನೆಯ ಕಾಲಂ ಖಾಲಿಯಿದ್ದರೆ ಆ ಕಾರ್ಡು ಬೇರೆ ಡಬ್ಬಿಗೆ. ಒಂದೇ ಪ್ರಕಾಶಕರ ನಾಲ್ಕು ಡೈರೆಕ್ಟರಿಗಳಲ್ಲಿ ಒಂದೇ ಹೆಸರು ಬಂದರೂ ಲೆಕ್ಕಕ್ಕೆ ಒಂದೇ ಸಾಕ್ಷಿ.

ಮನೆಯ ಪುರಾವೆಗೆ ಹೆಚ್ಚು ನೆರವಾದದ್ದು ದಶಮಾಂಶದ ನಕ್ಷೆ. ಚರ್ಚಿಗೆ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಹತ್ತನೇ ಪಾಲನ್ನು ಹಣಕ್ಕೆ ಪರಿವರ್ತಿಸಲು 1836ರ ಕಾಯ್ದೆಯಡಿ ಊರೂರು ಅಳೆದು ಮಾಡಿದ್ದು. ಜೊತೆಗಿನ ಪಟ್ಟಿ ನಮ್ಮ ಪಹಣಿಯನ್ನೇ ನೆನಪಿಸುತ್ತದೆ: ನಂಬರು, ಮಾಲೀಕ, ಅನುಭವದಲ್ಲಿರುವವನು, ಜಮೀನಿನ ಬಗೆ, ವಿಸ್ತೀರ್ಣ. ಚರ್ಚಿನ ಎದುರಿನ ನಂಬರಿನಲ್ಲಿ ಪಬ್ಬು ಮತ್ತು ಅಂಗಳ, ಅನುಭವದಲ್ಲಿ ‘ಕ’. ಈಗಿನ ಪಬ್ಬಿನ ನಂಬರಿನಲ್ಲಿ ಮನೆ, ಕಾರ್ಯಾಗಾರ, ಅಂಗಳ, ಅನುಭವದಲ್ಲಿ ‘ತ’.

ಜನಗಣತಿಯನ್ನು ಆಮೇಲೆ ಓದಿದರು. 1841ರ ಗಣತಿಯಲ್ಲಿ ‘ತ’ ಮೊದಲೇ ಕಣ್ಣಿಗೆ ಬಿದ್ದಿದ್ದ, ಆದರೆ ಅವನಲ್ಲವೆಂದು ಬಿಟ್ಟಿದ್ದರು. ವಯಸ್ಸು 34 ಇರಬೇಕಾದವನು 30 ಎಂದಿದ್ದ, ಕಸುಬು ಗಾಡಿಚಕ್ರ ಮಾಡುವವ ಎಂದಿತ್ತು. ಆ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಸೂಚನೆಯಿತ್ತು. 34 ಇದ್ದವನು 30 ಆಗಲೇಬೇಕು. ಇನ್ನು ಕಸುಬು. ಹಳ್ಳಿಯಲ್ಲಿ ಬಿಯರ್ ಒಂದರಿಂದಲೇ ಸಂಸಾರ ಸಾಗಿಸಿದವರು ಕಡಿಮೆ, ಎರಡು ಕಸುಬಿನವನು ಒಂದು ದಾಖಲೆಯಲ್ಲಿ ಒಂದನ್ನು, ಇನ್ನೊಂದರಲ್ಲಿ ಇನ್ನೊಂದನ್ನು ಹೇಳುತ್ತಾನೆ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ 1813ರಿಂದ ತಂದೆಯ ಕಸುಬಿಗೆ ಅಚ್ಚಾದ ಕಾಲಂ ಇದೆ. 1828–1872ರ ಕತ್ತಲೆಗೆ ಇದೇ ದೊಡ್ಡ ದೀಪ, ಯಾಕೋ ಬಹಳ ಜನ ಇದನ್ನು ನೋಡುವುದೇ ಇಲ್ಲ. ಅದರಲ್ಲಿ ‘ತ’ 1832ರಲ್ಲಿ ಚಕ್ರದವ, 1836ರಲ್ಲಿ ಚಕ್ರದವ, 1839ರಲ್ಲಿ ಬಿಯರ್ ಮಾರುವವ. ವ್ಯಾಪಾರ ಶುರುವಾದದ್ದು ಆ ಮೂರು ವರ್ಷದೊಳಗೆ ಎಂದು ಸಾಧಾರಣವಾಗಿ ಹೇಳಬಹುದು.

ಪಬ್ಬಿನ ಹಿತ್ತಲಲ್ಲಿ ಹೂಕುಂಡ ಇಡುತ್ತಿದ್ದ ಒಂದು ದುಂಡು ಕಬ್ಬಿಣದ ಹಾಸು ಇತ್ತು. ಸುಮಾರು ಐದಡಿ ಅಗಲ, ನಡುವೆ ತೂತು. ಯಾವುದೋ ಗಿರಣಿಯದ್ದಿರಬೇಕು ಎಂದುಕೊಂಡಿದ್ದರು. ಅದು ಚಕ್ರಕ್ಕೆ ಪಟ್ಟಾ ಕೂರಿಸುವ ಹಾಸು. ಮರದ ಚಕ್ರವನ್ನು ಅದರ ಮೇಲೆ ಮಲಗಿಸಿ, ಗುಂಬವನ್ನು ತೂತಿನೊಳಗೆ ಇಳಿಸಿ, ಚಕ್ರ ಅಲುಗದಂತೆ ಬಿಗಿದು, ಬೆಂಕಿಯಲ್ಲಿ ಕೆಂಪಾಗಿ ಕಾಯಿಸಿದ ಕಬ್ಬಿಣದ ಪಟ್ಟಾವನ್ನು ಇಕ್ಕುಳದಲ್ಲಿ ಹಿಡಿದು ತಂದು ಹೊರಸುತ್ತಿಗೆ ಬಡಿದು ಕೂರಿಸಿ, ತಕ್ಷಣ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಅರೆಕಾಲುಗಳನ್ನು ಗುಂಬಕ್ಕೆ ಒತ್ತಿ ಹಿಡಿಯುತ್ತದೆ. ಎತ್ತಿನ ಗಾಡಿಯ ಕೆಲಸ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಗದದಲ್ಲಿ ಚಕ್ರದವನಿದ್ದ ಜಾಗದಲ್ಲೇ ಅವನ ಹಾಸು ಕೂತಿತ್ತು, ಮಣ್ಣು ಕೆರೆದರೆ ಸುತ್ತಲಿನ ಇಟ್ಟಿಗೆಯಲ್ಲಿ ಸುಟ್ಟ ಕಲೆ.

ಹೆಸರು ನಡೆದುಹೋದ ಬಗೆ

ಹಾಗಾದರೆ ಹಳೆಯ ಪಬ್ಬಿನ ಹೆಸರು ಈಗಿನ ಕಟ್ಟಡಕ್ಕೆ ಬಂದದ್ದು ಹೇಗೆ? 1904ರ ಲೈಸೆನ್ಸಿಂಗ್ ಕಾಯ್ದೆ, ಹೆಚ್ಚುವರಿ ಎನಿಸಿದ ಪಬ್ಬನ್ನು ಪರಿಹಾರ ಕೊಟ್ಟು ಮುಚ್ಚಿಸಲು ದಾರಿ ಮಾಡಿತು. ಪರಿಹಾರದ ಹಣ ಸರ್ಕಾರದ್ದಲ್ಲ, ಉಳಿದ ಪಬ್ಬುಗಳ ಮೇಲೆ ಹಾಕಿದ ವಂತಿಗೆಯದ್ದು. ಈ ಪರಿಹಾರದ ಕಡತಗಳು ಸಿಕ್ಕರೆ ಚಿನ್ನ: ಕಟ್ಟಡದ ಸ್ಥಿತಿ, ವರ್ಷಕ್ಕೆ ಎಷ್ಟು ಬ್ಯಾರೆಲ್ ಮಾರಾಟ, ಪೊಲೀಸರ ಹೇಳಿಕೆ, ಮಾಲೀಕನಿಗೆಷ್ಟು, ಬಾಡಿಗೆದಾರನಿಗೆಷ್ಟು ಎಲ್ಲವೂ ಇರುತ್ತದೆ. 1908ರಲ್ಲಿ ಚರ್ಚಿನ ಎದುರಿನ ಪಬ್ಬು ಮುಚ್ಚಿತು. ಅಷ್ಟರಲ್ಲಿ ಎರಡೂ ಮನೆಗಳು ಒಂದೇ ಬ್ರೂವರಿಯ ಕೈಲಿದ್ದವು. ಅದು ಹಳೆಯ ಹೆಸರನ್ನು ಬಿಯರ್ ಹೌಸಿನ ಮೇಲೆ ಬರೆಸಿತು, ಗಿರಾಕಿಗಳು ಹೆಸರಿನ ಹಿಂದೆ ಬರಲಿ ಎಂದಿರಬೇಕು. 1909–10ರ ಹಣಕಾಸು ಕಾಯ್ದೆಯಡಿ ದೇಶದ ಆಸ್ತಿಯನ್ನೆಲ್ಲ ಬೆಲೆಕಟ್ಟಿದಾಗಿನ ಕ್ಷೇತ್ರ ಪುಸ್ತಕ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಐಆರ್ 58 ಎಂಬ ಸರಣಿ. ಅದರಲ್ಲಿ ಈಗಿನ ಕಟ್ಟಡ ಹೊಸ ಹೆಸರಲ್ಲೇ ಇದೆ, ಆದರೂ ವಿವರದಲ್ಲಿ ‘ಬಿಯರ್ ಹೌಸ್’. ಪೂರ್ಣ ಲೈಸೆನ್ಸ್ ಸಿಕ್ಕಿದ್ದು 1950ರ ದಶಕದಲ್ಲಿ.

1970ರ ದಶಕದಲ್ಲಿ ಪಟ್ಟಿ ಟೈಪ್ ಮಾಡಿದವನು ಹೆಸರನ್ನು ಹಿಡಿದು ಹಿಂದಕ್ಕೆ ಹೋದ. 1908ರ ಹಿಂದಿನ ಅವನ ಪಟ್ಟಿಯಲ್ಲಿ ಹೆಚ್ಚಿನವರು ಬೇರೆ ಕಟ್ಟಡದವರು. 1689 ಇನ್ನೊಂದು ಬಗೆಯ ತಪ್ಪು. ಅದು ಈಗಿನ ಕಟ್ಟಡದ ಹೊಗೆಗೂಡಿನ ಕಲ್ಲಿನ ಮೇಲೆ ಗಂಡ ಹೆಂಡಿರ ಮೊದಲಕ್ಷರದ ಜೊತೆ ಕೆತ್ತಿದ ಇಸವಿ. ಕಟ್ಟಡದ ವಯಸ್ಸು ಅದು ಹೇಳಬಹುದು, ಒಳಗೆ ಯಾವಾಗಿಂದ ಬಿಯರ್ ಮಾರಿದರು ಎಂದು ಹೇಳುವುದಿಲ್ಲ. ಆಗ ಅದು ಒಬ್ಬ ರೈತನ ಮನೆ.

ಹಲಗೆಯಲ್ಲಿಲ್ಲದ ಹೆಂಗಸು

ತಂಡದೊಳಗೆ ಅತಿ ಹೆಚ್ಚು ವಾದ ನಡೆದದ್ದು ಇದರ ಮೇಲೆ. ‘ತ’ ಸತ್ತದ್ದು 1847ರಲ್ಲಿ. 1849ರಲ್ಲಿ ಅವನ ವಿಧವೆ ಊರಿನ ಕಮ್ಮಾರ ‘ದ’ನನ್ನು ಮದುವೆಯಾದಳು. 1851ರ ಗಣತಿಯಲ್ಲಿ ಆ ಮನೆಯ ಯಜಮಾನ ‘ದ’, ಕಸುಬು ಕಮ್ಮಾರ. ಅವಳ ಕಸುಬಿನ ಕಾಲಂ ಖಾಲಿ. 1855ರ ಡೈರೆಕ್ಟರಿಯಲ್ಲಿ ‘ದ’, ಕಮ್ಮಾರ ಮತ್ತು ಬಿಯರ್ ರೀಟೇಲರ್. 1862ರಲ್ಲಿ ಅವನೂ ಸತ್ತ. 1864ರ ಡೈರೆಕ್ಟರಿಯಲ್ಲಿ ಶ್ರೀಮತಿ ‘ದ’. 1869ರಲ್ಲಿ ಬಿಯರ್ ಹೌಸ್‌ಗಳು ನ್ಯಾಯಾಧಿಕಾರಿಗಳ ಮುಂದೆ ಬರಬೇಕಾದಾಗ ಸ್ಥಳೀಯ ಪತ್ರಿಕೆಯ ವರದಿಯಲ್ಲಿ ಅರ್ಜಿದಾರರ ನಡುವೆ ಅವಳ ಹೆಸರಿದೆ. 1870ರಲ್ಲಿ ಮೊದಲ ಗಂಡನ ಮಗ, ಕಿರಿಯ ‘ತ’, ಕೆಲಸ ವಹಿಸಿಕೊಂಡ.

ಹಲಗೆಯಲ್ಲಿ ‘ದ’ ಇದ್ದ, ಕಿರಿಯ ‘ತ’ ಇದ್ದ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಹಾಗೆ. ಇಬ್ಬರನ್ನೂ ಜೋಡಿಸುವ, ಮೂವತ್ತು ವರ್ಷದ ಹತ್ತಿರ ಆ ಕೋಣೆಯಲ್ಲಿ ಬಿಯರ್ ಸುರಿದವಳು ಇರಲಿಲ್ಲ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ವ್ಯಾಪಾರ, ಆಸ್ತಿ ಗಂಡನ ಹೆಸರಿಗೇ ಸೇರುತ್ತಿದ್ದವು. 1870ರ ಮತ್ತು 1882ರ ಕಾಯ್ದೆಗಳು ಬಂದ ಮೇಲಷ್ಟೇ ಅದು ಸಡಿಲವಾಯಿತು. ಹಾಗಾಗಿ ವಿಧವೆಯಾಗಿದ್ದಾಗ ಮಾತ್ರ ಅವಳು ವ್ಯಾಪಾರದ ದಾಖಲೆಯಲ್ಲಿ ಕಾಣುತ್ತಾಳೆ.

ಲೈಸೆನ್ಸ್ ಇದ್ದವರ ಹೆಸರಷ್ಟೇ ಸಾಕು ಎಂದು ಇಬ್ಬರು, ನಡೆಸಿದವರ ಹೆಸರು ಬೇಕು ಎಂದು ಇಬ್ಬರು. ಗಂಡ ಕಮ್ಮಾರಸಾಲೆಯಲ್ಲಿದ್ದಾಗ ಬಿಯರ್ ಕೋಣೆ ಇವಳದ್ದೇ ಎನ್ನಲು ಪುರಾವೆ ಬೇಕಿತ್ತು. ಅದು ಸಿಕ್ಕಿದ್ದು 1850ರ ದಶಕದ ಒಂದು ಅಸಹಜ ಸಾವಿನ ವಿಚಾರಣೆಯ ಪತ್ರಿಕಾ ವರದಿಯಲ್ಲಿ. ಆಗ ಇಂಥ ವಿಚಾರಣೆಗಳು ಪಬ್ಬುಗಳಲ್ಲೇ ನಡೆಯುತ್ತಿದ್ದವು. ಸತ್ತವನಿಗೆ ಹಿಂದಿನ ರಾತ್ರಿ ಎಷ್ಟು ಕೊಟ್ಟೆ, ಯಾವಾಗ ಬಾಗಿಲು ಹಾಕಿದೆ ಎಂದು ಸಾಕ್ಷಿ ಹೇಳಿದವಳು ಇವಳು, ಗಂಡನಲ್ಲ. ಹಲಗೆಯ ಶೀರ್ಷಿಕೆಯನ್ನು ‘ಈ ಮನೆ ನಡೆಸಿದವರು’ ಎಂದು ಬದಲಿಸಲು ಅಷ್ಟು ಸಾಕಾಯಿತು. ಇದು ಸರಿಯಾದ ತೀರ್ಮಾನವೇ. ಲೈಸೆನ್ಸ್ ಒಂದನ್ನೇ ಅಳತೆಗೋಲು ಮಾಡಿದರೆ ಇಂಥ ಪಟ್ಟಿಗಳು ಗಂಡಸರ ಪಟ್ಟಿಗಳಾಗಿಯೇ ಉಳಿಯುತ್ತವೆ.

ಉಳಿದದ್ದು, ಬಿಟ್ಟದ್ದು

ಹಳೆಯ 27ರಲ್ಲಿ 12 ಹೆಸರು ಚರ್ಚಿನ ಎದುರಿನ ಪಬ್ಬಿನವು, 11 ಈಗಿನ ಮನೆಯವು. ಎರಡು ಹೆಸರು ಕಾಗುಣಿತ ಬದಲಾಗಿ ಎರಡೆರಡು ಸಲ ಬಂದವು, ಇನ್ನೆರಡು ಕಿರಾಣಿಯವರು. ‘ಕ’ನನ್ನು ಅಪ್ಪ, ಮಗ ಎಂದು ಒಡೆದ ಮೇಲೆ ಹಳೆಯ ಪಬ್ಬಿನ ಹಲಗೆಗೆ 13 ಹೆಸರು. ಈಗಿನ ಮನೆಗೆ ಹಿರಿಯ ‘ತ’, ಆ ಹೆಂಗಸು ಮತ್ತು ಇಪ್ಪತ್ತನೇ ಶತಮಾನದ ರಿಜಿಸ್ಟರುಗಳಿಂದ ಸಿಕ್ಕ ಮೂವರು ಸೇರಿ 16. ಇಸವಿಗಳನ್ನು ‘ಇಂದ–ತನಕ’ ಎಂದು ಬರೆಯದೆ, ದಾಖಲೆಯಲ್ಲಿ ಕಂಡ ಮೊದಲ ಮತ್ತು ಕೊನೆಯ ವರ್ಷ ಮಾತ್ರ ಕೊಟ್ಟರು. 1921 ಮತ್ತು 1939ರ ನಡುವೆ ಒಂದು ತೆರಪು ಹಾಗೇ ಇದೆ: 1931ರ ಗಣತಿಯ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು, ಆ ಭಾಗದ ಲೈಸೆನ್ಸ್ ರಿಜಿಸ್ಟರಿನ ಒಂದು ಸಂಪುಟವೂ ಕಾಣೆ. ಮತದಾರರ ಪಟ್ಟಿಗಳನ್ನು ವರ್ಷ ವರ್ಷ ತಿರುವಿಹಾಕುವುದೊಂದೇ ಅಲ್ಲಿ ಉಳಿದ ದಾರಿ.

1689 ಹೋದದ್ದು ಊರಿಗೆ ರುಚಿಸಲಿಲ್ಲ. ಆ ಇಸವಿ ಅಚ್ಚಾದ, ಗ್ಲಾಸಿನ ಕೆಳಗಿಡುವ ಬಿಯರ್ ಮ್ಯಾಟುಗಳ ಪೆಟ್ಟಿಗೆಗಳಿದ್ದವು, ಅವು ಮುಗಿಯುವ ತನಕ ಬಳಸಿದರು.

ಹೊಸ ಹಲಗೆಯ ಕೊನೆಯ ಸಾಲಿನಲ್ಲಿ ಮತ್ತೆ ಅದೇ ಪ್ರಶ್ನೆ ಎದ್ದಿತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಯಾದ ಮೇಲೆ ಲೈಸೆನ್ಸ್ ನ್ಯಾಯಾಧಿಕಾರಿಗಳಿಂದ ಕೌನ್ಸಿಲಿಗೆ ಹೋಯಿತು. ಕಟ್ಟಡಕ್ಕೊಂದು, ವ್ಯಕ್ತಿಗೊಂದು ಎಂದು ಎರಡಾಯಿತು. ಈಗ ಕಟ್ಟಡವೂ ಅದರ ಲೈಸೆನ್ಸೂ ಷೇರುದಾರರ ಸಂಘದ್ದು. ಮಾರಾಟದ ಹೊಣೆಗಾರ ಎಂದು ಕೌನ್ಸಿಲಿನಲ್ಲಿ ದಾಖಲಾದವನು ಸಂಬಳದ ಮ್ಯಾನೇಜರ್. ವಾರದಲ್ಲಿ ಐದು ಸಂಜೆ ಕೌಂಟರಿನ ಹಿಂದೆ ನಿಂತು ಬಿಯರ್ ಸುರಿಯುವವಳು ಅವನ ಹೆಂಡತಿ. ಬಣ್ಣದವನು ಕೇಳಿದಾಗ ಇಬ್ಬರ ಹೆಸರನ್ನೂ ಬರೆಯಲು ಹೇಳಿದರು.